ಗಿರಾಕಿಯ ಕುರ್ಚಿ

ಮೊನ್ನೆ ಬೆಳಿಗ್ಗೆ ಹಳೆ ಸಾಮಾನಿನವನು ಬಂದಿದ್ದ. ರದ್ದಿ ಪೇಪರು ತೂಗಿ ಕಟ್ಟಿದ, ಬಾಲ್ಕನಿಯಲ್ಲಿದ್ದ ತಳ ಹೋದ ಬಕೆಟ್ಟನ್ನು ಕೈಗೆ ಸಿಕ್ಕಿಸಿಕೊಂಡ, ಆಮೇಲೆ ಹಾಲ್‌ನ ಮೂಲೆಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ನೋಡುತ್ತಾ ನಿಂತ. ಅದರ ಒಂದು ಕೈ ಸೀಳಿದೆ. ಸೀಳಿದ ಕಡೆ ನಮ್ಮ ಯಜಮಾನರು ಕರೆಂಟಿನ ಕಪ್ಪು ಟೇಪು ಸುತ್ತಿದ್ದಾರೆ.

"ಭಾಬೀ, ಯೇ ಭೀ ದೇ ದೋ. ಕೋಯೀ ಬೈಠತಾ ತೋ ಹೈ ನಹೀಂ," ಎಂದ.

ಅದರ ಮೇಲೆ ಯಾರೂ ಕೂರುವುದಿಲ್ಲ ಎಂದು ಅವನಿಗೆ ಹೇಗೆ ತಿಳಿಯಿತೋ. ಬಹುಶಃ ಅದರ ಮೇಲೆ ಒಗೆದ ಬಟ್ಟೆಯ ಗುಡ್ಡೆ ಇಲ್ಲದ್ದನ್ನು ಕಂಡಿರಬೇಕು. ಮುಂಬಯಿಯ ಮನೆಗಳಲ್ಲಿ ಖಾಲಿ ಕುರ್ಚಿಯನ್ನು ಸುಮ್ಮನೆ ಬಿಡುವವರಿಲ್ಲ. ನಾನು ನನ್ನ ಮೈಸೂರು ಹಿಂದಿಯಲ್ಲಿ, "ವೋ ಗಿರಾಕ್ ಕಾ ಕುರ್ಸೀ ಹೈ," ಎಂದೆ. ಅವನು ಮನೆಯ ತುಂಬಾ ಒಮ್ಮೆ ಕಣ್ಣಾಡಿಸಿದ. ಗಿರಾಕಿಯೂ ಕಾಣಲಿಲ್ಲ, ಅಂಗಡಿಯೂ ಕಾಣಲಿಲ್ಲ. "ಕಬ್ ಆಯೇಗಾ?" ಎಂದು ಕೇಳಿದ. ಆ ಗಿರಾಕಿ ಬರುವುದು ಯಾವಾಗ ಎಂದು.

ಹೋದ ಅಮಾವಾಸ್ಯೆಯ ತನಕ ಅದು ನನಗೂ ಗೊತ್ತಿರಲಿಲ್ಲ. ಕುರ್ಚಿಯ ಜೊತೆಗೆ ನಮ್ಮ ವ್ಯಾಪಾರ, ವ್ಯಾಪಾರದ ಜೊತೆಗೆ ನೀಲಕ್ಕ, ಎಲ್ಲ ಒಟ್ಟಿಗೇ ಕೈಬಿಟ್ಟು ಹೋಗುವ ಹಾಗಿತ್ತು. ಅವನು ಕಾದರೆ ಕಾಯಲಿ, ನಿಮಗೆ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆ ಚೆಂಬೂರಿನ ಒಂದು ಹಳೆಯ ಸೊಸೈಟಿಯಲ್ಲಿದೆ. ನೀಲಕ್ಕ ಎದುರು ಬಾಗಿಲಿನವಳು, ವಿಜಯಪುರದ ಕಡೆಯವಳು. ನಾನು ಮಾಡುವುದು ಸಾರಿನ ಪುಡಿ, ಅವಳು ಮಾಡುವುದು ಶೇಂಗಾ ಚಟ್ನಿ ಪುಡಿ. ಅವಳ ಮನೆಯ ಬಾಣಲೆ ದೊಡ್ಡದು, ನಮ್ಮ ಮನೆಯ ಒಲೆ ದೊಡ್ಡದು. ಹಾಗಾಗಿ ಬೆಳಿಗ್ಗೆ ಅವಳ ಗಂಡನ ಡಬ್ಬಿ ಕಟ್ಟಿ ಮುಗಿದ ಕೂಡಲೇ ಬಾಣಲೆ ನಮ್ಮ ಮನೆಗೆ ಬರುತ್ತಿತ್ತು, ಹಿಂದೆಯೇ ನೀಲಕ್ಕ. ನಾನು ಧನಿಯ ಹುರಿದರೆ ಅವಳು ಶೇಂಗಾ ಸಿಪ್ಪೆ ಊದುತ್ತಿದ್ದಳು. ಎರಡೂ ಪುಡಿ ಒಂದೇ ಕೈಚೀಲದಲ್ಲಿ ಸಯನ್, ಚೆಂಬೂರಿನ ಕನ್ನಡದ ಮನೆಗಳಿಗೆ ಹೋಗುತ್ತಿದ್ದವು. ಇದಕ್ಕೆ ನಾವು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಕಂಪೆನಿ ಎಂಬ ಹೆಸರು ಇಟ್ಟವರು ನಮ್ಮ ಯಜಮಾನರು.

ಅವರು ಇಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ಅಲ್ಲಿ ತಿಂಗಳು ತಿಂಗಳೂ ರಿವ್ಯೂ ಮೀಟಿಂಗ್ ನಡೆಸಿ ನಡೆಸಿ ಅದು ಅವರ ಮೈಗೆ ಹತ್ತಿಬಿಟ್ಟಿತ್ತು. ಮನೆಯಲ್ಲಿ ಕೂತ ಮೇಲೆ ಮೊದಲು ಹಾಲಿನವನ ರಿವ್ಯೂ ಮಾಡಿದರು. ಅವನು ನಮ್ಮ ಮನೆಗೆ ಹಾಲು ಹಾಕುವುದನ್ನೇ ಬಿಟ್ಟ. ಆಮೇಲೆ ವಾಚ್‌ಮನ್ನನ ರಿವ್ಯೂ ಮಾಡಿದರು. ಅವನು ನೇಪಾಳಕ್ಕೆ ರಜೆ ಹಾಕಿ ಹೋದ. ಉಳಿದವರು ನಾವಿಬ್ಬರೇ.

"ಬಿಸಿನೆಸ್ ಅಂದ್ಮೇಲೆ ತಿಂಗಳಿಗೊಂದ್ಸಲ ರಿವ್ಯೂ ಇರ್ಬೇಕು ಕಣೇ. ಇಲ್ದಿದ್ರೆ ಅದು ಬಿಸಿನೆಸ್ ಅಲ್ಲ, ಅಡುಗೆ," ಎಂದರು.

ಈ ಮಾತಿಗೆ ಸಿಟ್ಟು ಬರಬೇಕಾಗಿದ್ದದ್ದು ನನಗೆ. ಬಂದದ್ದು ನೀಲಕ್ಕನಿಗೆ. "ಅಡಗಿ ಅಂದ್ರ ಕಡಿಮಿ ಏನ್ರಿ ಸಾಹೇಬ್ರ? ಮಾಡ್ರಿ ನಿಮ್ಮ ರಿವ್ಯೂ. ನಾವೂ ನೋಡೇ ಬಿಡ್ತೀವಿ," ಎಂದು ಶೇಂಗಾ ಮೊರವನ್ನು ಕೆಳಗಿಟ್ಟಳು.

ಯಾವ ದಿನ ಮಾಡುವುದು ಎನ್ನುವುದಕ್ಕೇ ಒಂದು ಜಗಳವಾಯಿತು. ಯಜಮಾನರು ತಿಂಗಳ ಕೊನೆಯ ಶನಿವಾರ ಎಂದರು. ನೀಲಕ್ಕ ಅಮಾವಾಸ್ಯೆ ಎಂದಳು. ನಮ್ಮ ಮೈಸೂರಿನ ಮನೆಯಲ್ಲಿ ಅಮಾವಾಸ್ಯೆಯ ದಿನ ಹೊಸ ಸೋಪಿನ ಕಾಗದವನ್ನೂ ಬಿಚ್ಚುತ್ತಿರಲಿಲ್ಲ ಎಂದೆ. ನೀಲಕ್ಕ ನಕ್ಕಳು. "ಅಕ್ಕಾರ, ನಮ್ಮ ಕಡೆ ಅಮಾಸಿ ಅಂದ್ರ ಅಂಗಡಿ ಪೂಜಿ ಮಾಡೋ ದಿವ್ಸ. ತಕ್ಕಡಿಗಿ ಸೈತ ಕುಂಕುಮ ಹಚ್ತೀವ್ರಿ. ಯಾಪಾರಕ್ಕ ಅದಕ್ಕಿಂತ ಚೊಲೋ ದಿವ್ಸ ಎಲ್ಲೈತ್ರಿ?" ಎಂದಳು. ಒಲೆ ನಮ್ಮದಾದರೂ ಬಾಣಲೆ ಅವಳದು. ಅಮಾವಾಸ್ಯೆಯೇ ಗಟ್ಟಿಯಾಯಿತು.

ಇನ್ನು ಕುರ್ಚಿಯ ವಿಷಯ. ಯಾವುದೋ ಟ್ರೇನಿಂಗಿನಲ್ಲಿ ಯಜಮಾನರಿಗೆ ಹೇಳಿಕೊಟ್ಟಿದ್ದರಂತೆ, ಮೀಟಿಂಗಿನಲ್ಲಿ ಗಿರಾಕಿಗೆಂದು ಒಂದು ಕುರ್ಚಿ ಖಾಲಿ ಬಿಡಬೇಕು, ಆಗ ಗಿರಾಕಿಯ ನೆನಪು ತಪ್ಪುವುದಿಲ್ಲ ಎಂದು. ಕಾರ್ಖಾನೆಯಲ್ಲಿ ಅದನ್ನು ಯಾರೂ ಮಾಡಲು ಬಿಡಲಿಲ್ಲ. ಆ ಆಸೆಯನ್ನೆಲ್ಲ ನಮ್ಮ ಮೇಲೆ ತೀರಿಸಿಕೊಂಡರು. ಬಾಲ್ಕನಿಯಿಂದ ಕೆಂಪು ಕುರ್ಚಿ ಒಳಗೆ ಬಂತು. ನಿಯಮಗಳೂ ಬಂದವು. ಮೊದಲ ಲೋಟ ಚಹಾ ಕುರ್ಚಿಗೆ. ಆಮೇಲೆ ನಾವಿಬ್ಬರೂ ಸರದಿಯಂತೆ ಆ ಕುರ್ಚಿಯ ಮೇಲೆ ಕೂತು ಗಿರಾಕಿಯಾಗಿ ಮಾತಾಡಬೇಕು. ಕೂತವಳು ನೀಲಕ್ಕನೂ ಅಲ್ಲ, ನಾನೂ ಅಲ್ಲ, ಅವಳು ಗಿರಾಕಿ. ಅವಳಿಗೆ ಎದುರಾಡುವಂತಿಲ್ಲ. ಅವಳು ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಮುಖ ಊದಿಸಿಕೊಳ್ಳುವಂತಿಲ್ಲ. ಮೀಟಿಂಗ್ ಇಲ್ಲದಾಗ ಆ ಕುರ್ಚಿಯ ಮೇಲೆ ಯಾರೂ ಕೂರುವಂತಿಲ್ಲ.

ಮೊದಲ ಅಮಾವಾಸ್ಯೆಯಂದು ಯಜಮಾನರು ಚಮಚದಿಂದ ಲೋಟ ಬಡಿದು ಸಭೆ ಶುರುಮಾಡಿದರು. ಗಿರಾಕಿಯ ಮುಂದೆ ಚಹಾ ಇಟ್ಟೆ. ಸೆರಗು ಸರಿಮಾಡಿಕೊಂಡು ನೀಲಕ್ಕ ಹೋಗಿ ಕೂತಳು. ಕೂತದ್ದೇ ತಡ ಅವಳ ಮುಖ ಬಿಗಿಯಿತು.

"ನಿಮ್ಮ ಸಾರಿನ ಪುಡಿ ವಾಸನಿ ಚೊಲೋ ಐತಿ. ಆದ್ರ ಅದರಾಗ ಖಾರ ಅನ್ನೂದು ಎಲ್ಲಿ ಅಡಗಿ ಕುಂತೈತಿ, ಹುಡಿಕ್ಯಾಡಬೇಕಾತು," ಎಂದಳು.

ನನ್ನ ಸರದಿ ಬಂದಾಗ ನಾನೂ ಬಿಡಲಿಲ್ಲ. "ನಿಮ್ಮ ಶೇಂಗಾ ಪುಡಿ ತಿಂದು ಲೋಕಲ್ ರೈಲಿನಲ್ಲಿ ಹೋದೆ. ಅಕ್ಕಪಕ್ಕದವರು ಎದ್ದು ನಿಂತರು. ಬೆಳ್ಳುಳ್ಳಿ ಕಡಿಮೆ ಮಾಡಿ," ಎಂದೆ.

ನಿಯಮದ ಪ್ರಕಾರ ಇಬ್ಬರೂ ಕೈಮುಗಿದು, ಮುಂಬಯಿಯ ಅಂಗಡಿಯವರು ಹೆಂಗಸರನ್ನು ಕರೆಯುವ ಹಾಗೆ, "ಆಗಲಿ ಬಾಯಿ, ನೋಡ್ತೀವಿ," ಎಂದೆವು. ಮರುದಿನ ನೀಲಕ್ಕ ಎಂದಿಗಿಂತ ಹೆಚ್ಚು ಬೆಳ್ಳುಳ್ಳಿ ಸುಲಿದಳು. ನಾನು ಒಂದೇ ಒಂದು ಮೆಣಸಿನಕಾಯಿಯನ್ನೂ ಹೆಚ್ಚು ಹಾಕಲಿಲ್ಲ, ಮುಖವನ್ನು ಮಾತ್ರ ವಾರಪೂರ್ತಿ ಊದಿಸಿಕೊಂಡಿದ್ದೆ. ಯಜಮಾನರ ತೀರ್ಮಾನ ಒಂದೇ ಆಗಿತ್ತು, ಆಗಲೂ, ಆಮೇಲೆ ಬಂದ ಎಲ್ಲ ಅಮಾವಾಸ್ಯೆಗಳಲ್ಲೂ. "ಯಥಾಸ್ಥಿತಿ ಮುಂದುವರಿಯತಕ್ಕದ್ದು" ಎಂದು ಲೋಟ ಬಡಿದು, ಗಿರಾಕಿಯ ಮುಂದೆ ತಣ್ಣಗಾಗಿದ್ದ ಚಹಾವನ್ನು ಹಾಳಾಗಬಾರದೆಂದು ತಾವೇ ಕುಡಿದುಬಿಡುತ್ತಿದ್ದರು.

ಖಾರದ ಮಾತು ನನಗೆ ಅಷ್ಟು ನಾಟಿದ್ದಕ್ಕೆ ಕಾರಣವಿದೆ. ಈ ಪುಡಿ ನಮ್ಮಜ್ಜಿಯದು. ಮೈಸೂರಿನಲ್ಲಿ ಅವರೂ ಪುಡಿ ಮಾರುತ್ತಿದ್ದರು, ಅವರಿಗೂ ಒಂದು ರಿವ್ಯೂ ಇತ್ತು. ಪುಡಿ ಕುಟ್ಟಿದ ದಿನ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅಂಚೆಯವನಿಗೆ ಕಾಯುತ್ತಿದ್ದರು. ಅವನು ಕಾಗದ ಕೊಡಲು ಬಗ್ಗಿದಾಗ ಮೊರವನ್ನು ಸ್ವಲ್ಪ ಮುಂದೆ ನೂಕುತ್ತಿದ್ದರು. ಅವನು ಸೀನಿದರೆ ಮೆಣಸು ಸರಿಯಿದೆ ಎಂದು ಲೆಕ್ಕ. ಸೀನದಿದ್ದರೆ ಮತ್ತೆ ಒನಕೆ ಹಿಡಿಯುತ್ತಿದ್ದರು. ಪಾಪ, ಅವನಿಗೆ ಇದು ಗೊತ್ತಿರಲಿಲ್ಲ. ನಮ್ಮ ಬೀದಿಯ ಧೂಳು ತನಗೆ ಆಗಿಬರುವುದಿಲ್ಲ ಎಂದು ಬೇರೆ ಬೀದಿಗೆ ವರ್ಗ ಕೇಳಿಕೊಂಡು ಹೋದ. ಅಜ್ಜಿ ಎಷ್ಟೋ ದಿನ ಅವನಿಗಾಗಿ ಕೊರಗಿದರು. ಹೊಸಬನ ಮೂಗು ಅಷ್ಟು ಸೂಕ್ಷ್ಮವಾಗಿರಲಿಲ್ಲ.

ನಮ್ಮ ರಿವ್ಯೂವಿನ ಸುದ್ದಿ ಬಿಲ್ಡಿಂಗಿನಲ್ಲಿ ಹೇಗೆ ಹರಡಿತೋ ಗೊತ್ತಿಲ್ಲ. ಹರಡುವಾಗ ಅದು ಸರಿಯಾಗಿ ಹರಡಲಿಲ್ಲ. ಅಮಾವಾಸ್ಯೆಯ ದಿನ ಬಾಗಿಲು ಹಾಕಿಕೊಳ್ಳುತ್ತಾರೆ, ಖಾಲಿ ಕುರ್ಚಿಗೆ ಚಹಾ ಇಡುತ್ತಾರೆ, ಸರದಿಯಂತೆ ಅದರ ಮೇಲೆ ಕೂತು ಬೇರೆಯವರ ದನಿಯಲ್ಲಿ ಮಾತಾಡುತ್ತಾರೆ. ಇಷ್ಟನ್ನು ಕೇಳಿದರೆ ನೀವಾದರೂ ಏನು ಅಂದುಕೊಳ್ಳುತ್ತೀರಿ? ಒಂದು ದಿನ ಸೊಸೈಟಿಯ ಸೆಕ್ರೆಟರಿ ಬಂದರು. ಮರಾಠಿಯವರು, ತುಂಬಾ ಗಂಭೀರ ಮನುಷ್ಯ. ಹುರಿಯುವ ಘಾಟಿನ ಬಗ್ಗೆ ದೂರು ಹೇಳಲು ಬಂದಿರಬೇಕೆಂದು ನಾನು ಹೆದರಿದೆ. ಅವರು ಕುರ್ಚಿಗೆ ಒಂದು ನಮಸ್ಕಾರ ಮಾಡಿ, ದನಿ ತಗ್ಗಿಸಿ, ತೀರಿಹೋದ ತಮ್ಮ ತಾಯಿ ಕಪಾಟಿನ ಬೀಗದಕೈ ಎಲ್ಲಿಟ್ಟಿದ್ದಾರೆ ಎಂದು ಒಂದು ಮಾತು ವಿಚಾರಿಸಿ ಕೊಡುತ್ತೀರಾ ಎಂದು ಕೇಳಿದರು.

ಯಜಮಾನರು ಕನ್ನಡಕ ಸರಿಮಾಡಿಕೊಂಡು, "ಸಾರಿ ಸರ್, ಇಲ್ಲಿ ಪುಡಿಗೆ ಸಂಬಂಧಪಟ್ಟ ವಿಷಯ ಮಾತ್ರ ತಗೊಳ್ಳೋದು," ಎಂದರು. ಇದರಿಂದ ಸೆಕ್ರೆಟರಿಗೆ ನಂಬಿಕೆ ಇನ್ನೂ ಹೆಚ್ಚಾಯಿತು. ನೀಲಕ್ಕನಿಗೆ ಅವರ ಮುಖ ನೋಡಲಾಗಲಿಲ್ಲ. ಶೇಂಗಾ ಊದುತ್ತಲೇ ತನ್ನ ಹರಕು ಮರಾಠಿಯಲ್ಲಿ, "ಸಾಹೇಬ್, ತಾಂದುಳಾಚ್ಯಾ ಡಬ್ಯಾತ್ ಬಘಾ," ಎಂದಳು. ಅಕ್ಕಿ ಡಬ್ಬಿಯಲ್ಲಿ ನೋಡಿ ಎಂದು. ಯಾವ ತಾಯಿ ತಾನೆ ಬೀಗದಕೈಯನ್ನು ಬೇರೆ ಕಡೆ ಇಟ್ಟಾಳು? ಸಂಜೆ ಸೆಕ್ರೆಟರಿ ಪೇಢೆಯ ಪೊಟ್ಟಣ ಹಿಡಿದು ಬಂದು ಕುರ್ಚಿಯ ಮೇಲಿಟ್ಟು ಹೋದರು. ಅಂದಿನಿಂದ ನಾವು ಹುರಿಯುವ ಘಾಟಿನ ಬಗ್ಗೆ ಬಿಲ್ಡಿಂಗಿನಲ್ಲಿ ಯಾರೂ ಚಕಾರ ಎತ್ತಿಲ್ಲ. ಯಜಮಾನರು ಅದನ್ನು ರಿವ್ಯೂವಿನ ಮೊದಲ ಫಲ ಎಂದು ಕರೆದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ನೀಲಕ್ಕನ ಗಂಡನ ವರ್ಕ್‌ಶಾಪು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಯಿತು. ದಿನಾ ಓಡಾಡಿ ಅವರು ಸುಸ್ತಾದರು. ಅಲ್ಲೇ ಒಂದು ಮನೆ ಸಿಕ್ಕಿತು. ಮಳೆಗಾಲ ಮುಗಿಯುತ್ತಿದ್ದ ಹಾಗೇ ಒಂದು ಬೆಳಿಗ್ಗೆ ಟೆಂಪೊ ಬಂದು ನಿಂತಿತು. ಬಾಣಲೆ ಕೊನೆಯಲ್ಲಿ ಹೋಯಿತು. ಅವಳು ಅದನ್ನು ನನ್ನ ಅಡುಗೆಮನೆಯಿಂದ ಎತ್ತಿಕೊಳ್ಳುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚೆಂಬೂರಿನಿಂದ ಕಾಂದಿವಲಿ ಎಂದರೆ ಮುಂಬಯಿಯವರಿಗೆ ಗೊತ್ತು. ಬೇರೆ ಊರಿನವರಿಗೆ ಹೇಳುವುದಾದರೆ, ನಡುವೆ ಎರಡು ಕಡೆ ಗಾಡಿ ಬದಲಿಸಬೇಕು, ಮಗನ ಮದುವೆಗೆ ಕರೆದರೂ ಜನ ಯೋಚಿಸಿ ಹೇಳುತ್ತಾರೆ. ವ್ಯಾಪಾರದ ಗತಿ ಏನು ಎಂದು ಫೋನಿನಲ್ಲಿ ಮಾತಾಡಲು ನೋಡಿದೆವು. "ನಿಮಗ ತ್ರಾಸ ಆಗತೈತಿ ಅಂದ್ರ ಬಂದ್ ಮಾಡೂಣ್ರಿ ಅಕ್ಕಾರ," ಎಂದಳು ಅವಳು. "ನಿಮಗೆ ಕಷ್ಟ ಆಗೋ ಹಾಗಿದ್ರೆ ಬೇಡಪ್ಪ," ಎಂದೆ ನಾನು. "ನಂದೇನಿಲ್ರಿ, ನಿಮ್ಮ ಮರ್ಜಿ," ಎಂದಳು. "ನಂದೂ ಏನಿಲ್ಲ, ನೀವು ಹೇಳಿದ ಹಾಗೆ," ಎಂದೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಅಂಗಡಿಯನ್ನು ಮುಕ್ಕಾಲು ಮುಚ್ಚಿಯೇ ಬಿಟ್ಟೆವು. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಅವಳಿಗೆ ನಾನು ಬೇಡವಾದೆನೇನೋ ಅನಿಸಿತು. ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಬೇಡದಿದ್ದರೂ ಧನಿಯ ಹುರಿಯುತ್ತಾ ನಿಲ್ಲುತ್ತಿದ್ದೆ.

ಯಜಮಾನರು ಇದನ್ನೆಲ್ಲ ನೋಡಿ, "ಇಂಥ ವಿಷಯ ಫೋನಲ್ಲಿ ತೀರ್ಮಾನ ಆಗಲ್ಲ. ಅಮಾವಾಸ್ಯೆಗೆ ಕಾಂದಿವಲಿಯಲ್ಲೇ ರಿವ್ಯೂ," ಎಂದರು. "ಒಂದೇ ವಿಷಯ. ಕಂಪೆನಿ ಇರ್ಬೇಕೋ ಮುಚ್ಚಬೇಕೋ. ಕುರ್ಚಿ ತಗೊಂಡು ಹೋಗೋಣ."

"ಅವಳ ಮನೇಲಿ ಕುರ್ಚಿ ಇರಲ್ವೇನ್ರೀ? ಹೊಸ ಸೋಫಾನೇ ತಂದಿದ್ದಾಳೆ," ಎಂದೆ.

"ಹೊಸ ಸೋಫಾ ಮೇಲೆ ಕೂತ ಗಿರಾಕಿ ನಿಜ ಹೇಳೋದಿಲ್ಲ ಕಣೇ," ಎಂದರು.

ಅಮಾವಾಸ್ಯೆಯ ದಿನ ಅವರು ಲೋಕಲ್ ರೈಲಿನ ಗಂಡಸರ ಡಬ್ಬಿ ಹತ್ತಿದರು. ಕುರ್ಚಿ ನನ್ನ ಪಾಲಿಗೆ ಬಂತು. ಲೇಡೀಸ್‌ನಲ್ಲಿ ಜಾಗ ಇರುತ್ತದೆ ಎಂದು ಅವರು ಎಲ್ಲಿಂದ ತಿಳಿದುಕೊಂಡಿದ್ದರೋ. ಕುರ್ಲಾದಲ್ಲಿ ಇಳಿದೆ, ಹತ್ತಿದೆ. ದಾದರ್ ಸೇತುವೆಯ ಮೇಲೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬರುವಾಗ ಹಿಂದಿನವರೆಲ್ಲ ನನ್ನನ್ನು ಬೈಯುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಉಸಿರು ಸಿಗದೆ ನಡುವೆ ಒಮ್ಮೆ ಕುರ್ಚಿಯನ್ನು ಕೆಳಗಿಟ್ಟೆ. ಆದರೂ ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನಿಂತು ಸುಧಾರಿಸಿಕೊಂಡೆ. ಮೀಟಿಂಗ್ ಇನ್ನೂ ಶುರುವಾಗಿರಲಿಲ್ಲವಲ್ಲ.

ಬೋರಿವಲಿ ಸ್ಲೋ ಗಾಡಿಯಲ್ಲಿ ಹೇಗೋ ಕುರ್ಚಿಯನ್ನು ಒಳಗೆ ನೂಕಿ ನಾನೂ ನುಗ್ಗಿದೆ. ಡಬ್ಬಿಯೊಳಗೆ ಒಂದು ಸೀಟಿಗೆ ನಾಲ್ವರು ಅಂಟಿಕೊಂಡು ಕೂತಿದ್ದಾರೆ, ಉಳಿದವರು ಒಬ್ಬರ ಕಾಲಿನ ಮೇಲೆ ಒಬ್ಬರು ನಿಂತಿದ್ದಾರೆ, ನಡುವೆ ಒಂದು ಕೆಂಪು ಕುರ್ಚಿ ಖಾಲಿಯಾಗಿ ಹೋಗುತ್ತಿದೆ. ಅದರ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ ಅದರ ಒಡತಿ. ನನ್ನ ತಲೆ ಸರಿಯಿಲ್ಲವೆಂದು ಕೆಲವರಿಗೆ ಕನಿಕರವೂ ಆದಂತಿತ್ತು. ಆಸ್ಪತ್ರೆಯ ಕೆಲಸ ಮುಗಿಸಿ ಬಂದವಳ ಹಾಗೆ ಕಾಣುತ್ತಿದ್ದ ಒಬ್ಬ ಹೆಂಗಸು ತಡೆಯಲಾರದೆ, "ಇಥೆ ಕೋಣೀ ಬಸಲಂಯ್ ಕಾ?" ಎಂದು ಕೇಳಿದಳು. ಇಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು.

"ಗಿರಾಕ್ ಕೇ ಲಿಯೇ ಹೈ," ಎಂದೆ.

"ಮಗ ಮೀಚ್ ಗಿರಾಯಿಕ್," ಎಂದಳು. ಹಾಗಾದರೆ ನಾನೇ ಗಿರಾಕಿ ಎಂದು ಹೇಳಿ ಕೂತೇ ಬಿಟ್ಟಳು.

ಇಷ್ಟು ವರ್ಷದ ರಿವ್ಯೂಗಳಲ್ಲಿ ನಿಜವಾದ ಗಿರಾಕಿ ಆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಅವಳು ಆರಾಮಾಗಿ ಕಾಲು ಚಾಚಿ, ನನ್ನ ಕೈಚೀಲದಲ್ಲಿ ಏನಿದೆ ಎಂದು ಕೇಳಿದಳು. ನೀಲಕ್ಕನ ಕೊನೆಯ ಶೇಂಗಾ ಪುಡಿ ಒಂದು ಪೊಟ್ಟಣ ಉಳಿದಿತ್ತು. ಅಂಗೈಗೆ ಹಾಕಿದೆ. ಚಪ್ಪರಿಸಿ, ಕಣ್ಣು ಮುಚ್ಚಿ, "ಮಸ್ತ್. ಪಣ್ ಲಸೂಣ್ ಕಮೀ," ಎಂದಳು. ಬೆಳ್ಳುಳ್ಳಿ ಕಡಿಮೆಯಂತೆ. ಆಮೇಲೆ ಸಾರಿನ ಪುಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಸೀನಿದಳು. ಇನ್ನೊಮ್ಮೆ ಸೀನಿದಳು. ಬಾಗಿಲ ಹತ್ತಿರ ನಿಂತಿದ್ದವಳೂ ಸೀನಿದಳು. ಆ ಗಲಾಟೆಯಲ್ಲಿ ನನಗೆ ನಮ್ಮಜ್ಜಿಯ ನೆನಪಾಗಿ ಕಣ್ಣು ತುಂಬಿತು. ಘಾಟು ತಗುಲಿರಬೇಕೆಂದು ಯಾರೋ ನೀರಿನ ಬಾಟಲಿ ಕೊಟ್ಟರು. ಅವಳು ಅಂಧೇರಿಯಲ್ಲಿ ಇಳಿದಳು, ಎರಡೂ ಪುಡಿ ಅವಳ ಕೈಯಲ್ಲಿ.

ಕಾಂದಿವಲಿಯಲ್ಲಿ ನೀಲಕ್ಕ ಬಾಗಿಲು ತೆರೆದವಳು ಮೊದಲು ಕುರ್ಚಿಯನ್ನು ನೋಡಿದಳು, ಆಮೇಲೆ ನನ್ನನ್ನು. ಸೊರಗಿದ್ದಳು. ಚಹಾ ಮಾಡಿದಳು. ಮೊದಲ ಲೋಟ ಕುರ್ಚಿಯ ಮುಂದಿನ ಸ್ಟೂಲಿನ ಮೇಲೆ ಇಟ್ಟಳು. ಯಜಮಾನರು ಲೋಟ ಬಡಿದು ವಿಷಯ ಹೇಳಿದರು. "ನಿಮ್ಮ ಮರ್ಜಿ," ಎಂದಳು ಅವಳು. "ನೀವು ಹೇಳಿದ ಹಾಗೆ," ಎಂದೆ ನಾನು.

"ಇದು ನಡೆಯಲ್ಲ. ಗಿರಾಕಿ ಮಾತಾಡಲಿ," ಎಂದರು ಯಜಮಾನರು.

ನೀಲಕ್ಕ ಎದ್ದು ಹೋಗಿ ಕುರ್ಚಿಯ ಮೇಲೆ ಕೂತಳು. ಸೆರಗು ಸರಿಮಾಡಿಕೊಂಡಳು. ಗಿರಾಕಿಯ ಬಿಗುವಿನಲ್ಲಿ, "ನನಗ ಎರಡೂ ಪುಡಿ ಬೇಕು. ಒಂದಽ ಚೀಲದಾಗ ಬರಬೇಕು. ಒಂದ ಬಂದು ಇನ್ನೊಂದು ಬರಲಿಲ್ಲಂದ್ರ ನಾ ತಗೊಳ್ಳಾಂಗಿಲ್ಲ. ಎಲ್ಲಿ ಹುರೀತೀರಿ, ಹೆಂಗ ತರ್ತೀರಿ, ಅದು ನಿಮ್ಮ ತ್ರಾಸ. ಗಿರಾಕಿದಲ್ಲ," ಎಂದಳು.

ಎದುರಾಡುವಂತಿಲ್ಲವಲ್ಲ. ಕೈಮುಗಿದೆ. "ಆಗಲಿ ಬಾಯಿ. ಹಾಗೇ ತರ್ತೀವಿ," ಎಂದೆ.

ನನ್ನ ಸರದಿ. ಗಾಡಿಯ ಗಿರಾಕಿಯ ಮಾತನ್ನು ಒಪ್ಪಿಸಬೇಕೆಂದುಕೊಂಡೇ ಕೂತೆ. "ಶೇಂಗಾ ಪುಡಿಯಲ್ಲಿ ಬೆಳ್ಳುಳ್ಳಿ ಕಡಿಮೆ ಇದೆ," ಎಂದೆ. ನೀಲಕ್ಕನ ಮುಖ ಅರಳಿತು. "ನಾ ಹೇಳಿರ್ಲಿಲ್ಲೇನ್ರಿ?" ಎಂದಳು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಆದರೆ ಆ ಕುರ್ಚಿಯ ಗುಣವೇ ಹಾಗೆ. "ಬೆಳಿಗ್ಗೆ ನನಗೆ ಹೊತ್ತು ಹೋಗ್ತಾ ಇಲ್ಲ. ಯಾರ ಜೊತೆ ಜಗಳ ಆಡ್ಬೇಕೋ ಗೊತ್ತಾಗ್ತಾ ಇಲ್ಲ," ಎಂದುಬಿಟ್ಟೆ.

ಯಜಮಾನರು ಪೆನ್ನು ಎತ್ತಿದರು. "ಇದು ಗಿರಾಕಿಯ ದೂರಲ್ಲ ಕಣೇ. ವಿಷಯಕ್ಕೆ ಸಂಬಂಧ ಇಲ್ಲ."

"ಗಿರಾಕಿ ಹೇಳಿದ್ದು ಬರಕೊಳ್ರಿ ಸಾಹೇಬ್ರ," ಎಂದಳು ನೀಲಕ್ಕ.

ಅವರು ಬರೆದುಕೊಂಡರು. ಒಂದು ತಿಂಗಳು ಅವಳ ಮನೆಯಲ್ಲಿ, ಒಂದು ತಿಂಗಳು ನಮ್ಮ ಮನೆಯಲ್ಲಿ, ಅಮಾವಾಸ್ಯೆಗೆ ಒಂದು ವಾರ ಮೊದಲೇ ಹೋಗಿ ಜೊತೆಗೆ ಇದ್ದು ಹುರಿಯುವುದು, ಅಮಾವಾಸ್ಯೆಗೆ ರಿವ್ಯೂ ಮುಗಿಸಿ ಹೊರಡುವುದು ಎಂದು ತೀರ್ಮಾನವಾಯಿತು. ಆಮೇಲೆ ಲೋಟ ಬಡಿದು, ಎಂದಿನಂತೆ, "ಯಥಾಸ್ಥಿತಿ ಮುಂದುವರಿಯತಕ್ಕದ್ದು," ಎಂದರು. ಇಷ್ಟು ವರ್ಷ ನಾನು ನಗುತ್ತಿದ್ದ ಆ ಮಾತು ಅಂದು ಮಾತ್ರ ಎಷ್ಟು ಹಿತವಾಗಿತ್ತು ಎಂದರೆ, ಅವರಿಗೆ ಒಂದು ನಮಸ್ಕಾರ ಮಾಡಿಬಿಡೋಣ ಅನಿಸಿತು. ಅವರು ಅಭ್ಯಾಸಬಲದಿಂದ ಗಿರಾಕಿಯ ಚಹಾಕ್ಕೆ ಕೈಚಾಚಿದರು. ನೀಲಕ್ಕ ಲೋಟವನ್ನು ಅವರಿಂದ ತಪ್ಪಿಸಿ, ಒಳಗೆ ಹೋಗಿ ಬಿಸಿ ಮಾಡಿ ತಂದು ನನ್ನ ಕೈಗೆ ಕೊಟ್ಟಳು. ನಾನು ಇನ್ನೂ ಕುರ್ಚಿಯ ಮೇಲೇ ಕೂತಿದ್ದೆ.

ಈ ಸಲ ನಮ್ಮ ಮನೆಯ ಸರದಿ, ಅದಕ್ಕೇ ಕುರ್ಚಿ ಅಂದೇ ನಮ್ಮ ಜೊತೆ ವಾಪಸು ಬಂದಿದೆ. ನಾಳೆ ಬಾಣಲೆ ಬರುತ್ತದೆ, ಹಿಂದೆಯೇ ನೀಲಕ್ಕ.

ಹಳೆ ಸಾಮಾನಿನವನು ಇನ್ನೂ ಉತ್ತರಕ್ಕೆ ಕಾಯುತ್ತಾ ನಿಂತಿದ್ದ. ಯಾರೂ ಕೂರದ ಕುರ್ಚಿಯ ಮೇಲೆ ಕೂರುವವರು ಯಾವಾಗ ಬರುತ್ತಾರೆ ಎಂದು ಕೇಳಿದ್ದನಲ್ಲ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಅವನಿಗೂ ಅದನ್ನು ಹಂಚಬೇಕೆನಿಸಿತು. ಕುರ್ಚಿಯ ಬೆನ್ನು ಸವರುತ್ತಾ, "ಅಮಾವಾಸ್ಯಾ ಕೋ ಆಯೇಗೀ," ಎಂದೆ. ಅಮಾವಾಸ್ಯೆಗೆ ಬರುತ್ತಾಳೆ ಎಂದು.

ಅವನು ಒಮ್ಮೆ ನನ್ನನ್ನು, ಒಮ್ಮೆ ಕುರ್ಚಿಯನ್ನು ನೋಡಿದ. ತಳ ಹೋದ ಬಕೆಟ್ಟನ್ನು ಮೆಲ್ಲಗೆ ನೆಲದ ಮೇಲಿಟ್ಟು, ರದ್ದಿ ಪೇಪರನ್ನೂ ಅಲ್ಲೇ ಬಿಟ್ಟು, ಕೈಮುಗಿದುಕೊಂಡೇ ಮೆಟ್ಟಿಲಿಳಿದು ಹೋದ.